ಡಿಟಿಎಚ್ ಪ್ರಚಾರ ಚಾನೆಲ್‌ಗಳು: ಯಾವುದನ್ನು ಯಾವುದಕ್ಕೆ ನೋಡಬೇಕು? ಕೊಡಗಿನ ಮನೆಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಡಿಟಿಎಚ್ ಸಂಪರ್ಕವಿರುವ ಪ್ರತಿಯೊಂದು ಮನೆಯ ಟಿವಿಯಲ್ಲೂ ನಾವು ಆರಿಸಿಕೊಳ್ಳದ ಕೆಲವು ಚಾನೆಲ್‌ಗಳು ಬರುತ್ತವೆ. ಅವುಗಳಲ್ಲಿ ಧಾರಾವಾಹಿಯೂ ಇಲ್ಲ, ವಾರ್ತೆಯೂ ಇಲ್ಲ. ಹೊಸ ಪ್ಯಾಕ್, ಹಬ್ಬದ ರಿಯಾಯಿತಿ, ಎಚ್‌ಡಿ ಬಾಕ್ಸಿಗೆ ಬದಲಾಗುವ ಕೊಡುಗೆ, ಮಿಸ್ಡ್ ಕಾಲ್ ಕೊಡಬೇಕಾದ ಸಂಖ್ಯೆ, ಇವೇ ದಿನವಿಡೀ ಸುತ್ತುತ್ತಿರುತ್ತವೆ. ಮೊಬೈಲ್ ಸಂಪರ್ಕ ಚೆನ್ನಾಗಿರುವ ಊರುಗಳಲ್ಲಿ ಇವನ್ನು ನಿಂತು ನೋಡುವವರು ಕಡಿಮೆ, ಏಕೆಂದರೆ ಅದೇ ಮಾಹಿತಿ ಕೈಯಲ್ಲಿರುವ ಫೋನಿನಲ್ಲೇ ಸಿಗುತ್ತದೆ. ಕೊಡಗಿನ ಎಷ್ಟೋ ಮನೆಗಳ ಪರಿಸ್ಥಿತಿ ಬೇರೆ. ಭಾಗಮಂಡಲದ ಆಚೆಗೋ, ನಾಪೋಕ್ಲು ಸುತ್ತಲೋ, ದಕ್ಷಿಣದ ಬಿರುನಾಣಿ ಕಡೆಗೋ ಇರುವ ಒಂಟಿ ತೋಟದ ಮನೆಗಳಿಗೆ ಕೇಬಲ್ ಎಳೆಯುವವರಿಲ್ಲ; ಕಾಫಿ ಕಣದ ಒಂದು ಮೂಲೆಯಲ್ಲಿ ನಿಂತರೆ ಮಾತ್ರ ಫೋನಿಗೆ ಸಿಗ್ನಲ್ ಬರುತ್ತದೆ; ಡೀಲರ್ ಇರುವುದು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ. ಅಂಥ ಮನೆಯವರಿಗೆ ಪ್ಯಾಕ್ ಬದಲಿಸುವಾಗ ಪರದೆಯ ಮೇಲೆ ಬರುವ ಈ ಚಾನೆಲ್‌ಗಳೇ ಹತ್ತಿರದ ಆಧಾರ. ಆದ್ದರಿಂದ ಇವುಗಳಲ್ಲಿ ಯಾವುದು ಏನನ್ನು ಹೇಳುತ್ತದೆ, ಯಾವುದರ ಮಾತಿಗೆ ಎಷ್ಟು ತೂಕ ಕೊಡಬಹುದು ಎಂಬುದನ್ನು ಬೇರೆ ಬೇರೆಯಾಗಿ ನೋಡುವುದು ಅಗತ್ಯವೆಂದು ನನಗೆ ಅನ್ನಿಸಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಲೆ ತಿಳಿಯಲು ಗ್ರಾಹಕ ಮಾಹಿತಿ ಚಾನೆಲ್ ನೋಡಬೇಕು; ಹೊಸದಾಗಿ ಏನು ಬಂದಿದೆ ಎಂದು ತಿಳಿಯಲು ಮಾತ್ರ ಕಂಪನಿಯ ಪ್ರಚಾರ ಚಾನೆಲ್ ನೋಡಬೇಕು; ಹೆಚ್ಚುವರಿ ಸೇವೆಗಳ ಉಚಿತ ಅವಧಿಯನ್ನು ಮುಗಿಯುವ ದಿನಾಂಕ ಬರೆದಿಟ್ಟುಕೊಂಡೇ ಬಳಸಬೇಕು. ಯಾವ ಕಂಪನಿಯ ಸಂಪರ್ಕ ತೆಗೆದುಕೊಳ್ಳಬೇಕು ಎಂಬ ಮೂಲ ಪ್ರಶ್ನೆಗೆ ಈ ಮೂರರಲ್ಲಿ ಯಾವುದೂ ಉತ್ತರ ಕೊಡುವುದಿಲ್ಲ. ಅದಕ್ಕೆ ನಮ್ಮ ಅಂಗಳದ ಮೇಲಿನ ಆಕಾಶವನ್ನೇ ನೋಡಬೇಕಾಗುತ್ತದೆ.

ಕಂಪನಿಯ ಸ್ವಂತ ಪ್ರಚಾರ ಚಾನೆಲ್

ಹಲವು ಸೇವೆಗಳಲ್ಲಿ ಇದು 100ನೇ ಸಂಖ್ಯೆಯ ಆಸುಪಾಸಿನಲ್ಲಿರುತ್ತದೆ. ಹಣ ಕೊಟ್ಟು ನೋಡುವ ಟಿವಿ ಸೇವೆ ಎಲ್ಲೆಲ್ಲಿ ಬೆಳೆಯಿತೋ ಅಲ್ಲೆಲ್ಲ ಇಂಥ ಚಾನೆಲ್ ಹುಟ್ಟಿಕೊಂಡಿದೆ. ಅಮೆರಿಕದ ಕೇಬಲ್ ಜಾಲಗಳಲ್ಲಿ 1980ರ ದಶಕದಲ್ಲೇ ಕಾರ್ಯಕ್ರಮಗಳ ಪಟ್ಟಿ ಉರುಳುತ್ತಾ ಹೋಗುವ, ಪಕ್ಕದಲ್ಲಿ ಸಿನಿಮಾ ತುಣುಕು ತೋರಿಸುವ ಚಾನೆಲ್‌ಗಳಿದ್ದವು. ನಮ್ಮಲ್ಲಿ ಡಿಶ್ ಟಿವಿ 2003ರಲ್ಲಿ ಆರಂಭವಾಯಿತು, ಇಂದು ಟಾಟಾ ಪ್ಲೇ ಎಂದು ಕರೆಸಿಕೊಳ್ಳುವ ಟಾಟಾ ಸ್ಕೈ 2006ರಲ್ಲಿ, ಏರ್‌ಟೆಲ್ ಡಿಜಿಟಲ್ ಟಿವಿ 2008ರಲ್ಲಿ ಬಂದವು. ಸನ್ ಡೈರೆಕ್ಟ್ ಮತ್ತು ಡಿ2ಎಚ್ ಕೂಡ ಅದೇ ದಶಕದಲ್ಲಿ ಕಾಲಿಟ್ಟವು. ಇವುಗಳಲ್ಲಿ ಡಿ2ಎಚ್ 2018ರಲ್ಲಿ ಡಿಶ್ ಟಿವಿಯೊಂದಿಗೆ ವಿಲೀನವಾಗಿದೆ. ಹೀಗಾಗಿ ಆ ಎರಡರ ಪ್ರಚಾರ ಚಾನೆಲ್‌ಗಳನ್ನು ಹೋಲಿಸುವವರು ಒಂದೇ ಮನೆಯವರ ಎರಡು ಅಂಗಡಿಗಳನ್ನು ಹೋಲಿಸುತ್ತಿದ್ದಾರೆ ಎಂಬುದನ್ನು ನೆನಪಿಡಬೇಕು.

ಪ್ರಚಾರ ಚಾನೆಲ್‌ನಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳುವುದಿಲ್ಲ. ಹೊಸ ಚಾನೆಲ್ ಸೇರ್ಪಡೆಯಾದದ್ದು, ಒಂದು ಚಾನೆಲ್‌ನ ಸಂಖ್ಯೆ ಬದಲಾದದ್ದು, ಹಳೆಯ ಬಾಕ್ಸ್ ಬದಲಿಸಿಕೊಡುವ ಕೊಡುಗೆ ಬಂದದ್ದು, ಇವೆಲ್ಲ ಮೊದಲು ಇಲ್ಲೇ ಕಾಣಿಸುತ್ತವೆ. ಆದರೆ ಬೆಲೆಯ ವಿಷಯದಲ್ಲಿ ಇದರ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಕೇಳಬೇಕು. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಬರುವ ಮೊತ್ತ ತೆರಿಗೆ ಸೇರಿದ್ದೋ, ಸೇರದ್ದೋ. ಒಂದು ತಿಂಗಳದ್ದೋ, ವರ್ಷದ ರೀಚಾರ್ಜನ್ನು ಹನ್ನೆರಡರಿಂದ ಭಾಗಿಸಿದ್ದೋ. ಮೊದಲ ಸಂಪರ್ಕಕ್ಕೆ ಮಾತ್ರವೋ, ಎರಡನೇ ಟಿವಿಗೂ ಅದೇ ದರವೋ. ಇವನ್ನು ಕೆಳಗೆ ಓಡುವ ಸಣ್ಣ ಅಕ್ಷರದ ಸಾಲಿನಲ್ಲಿ ಹುಡುಕಬೇಕಾಗುತ್ತದೆ. ವಯಸ್ಸಾದವರು ಆ ಸಾಲನ್ನು ಓದಿ ಮುಗಿಸುವಷ್ಟರಲ್ಲಿ ಮುಂದಿನ ಜಾಹೀರಾತು ಬಂದಿರುತ್ತದೆ. ಭಾಷೆಯ ತೊಡಕೂ ಇದೆ. ನಾನು ನೋಡಿರುವ ಮಟ್ಟಿಗೆ ಈ ಜಾಹೀರಾತುಗಳಲ್ಲಿ ಬಹುಪಾಲು ಹಿಂದಿಯಲ್ಲೇ ಬರುತ್ತವೆ, ಕನ್ನಡದ ಧ್ವನಿ ಅಪರೂಪ. ಕೊಡವ ತಕ್ಕ್ ಅಥವಾ ಅರೆಭಾಷೆ ಮಾತನಾಡುತ್ತಾ, ವ್ಯವಹಾರಕ್ಕೆ ಕನ್ನಡ ಬಳಸುವ ಮನೆಯ ಹಿರಿಯರಿಗೆ ಷರತ್ತುಗಳು ಅರ್ಥವಾಗದೆ ಸಂಖ್ಯೆಯೊಂದೇ ನೆನಪಿನಲ್ಲಿ ಉಳಿಯುತ್ತದೆ.

ಈ ಚಾನೆಲ್‌ಗೆ ಇನ್ನೊಂದು ಉಪಯೋಗವಿದೆ, ಅದನ್ನು ಕಂಪನಿಗಳು ಹೇಳಿಕೊಳ್ಳುವುದಿಲ್ಲ. ರೀಚಾರ್ಜ್ ಮುಗಿದಾಗಲೂ ಹಲವು ಬಾಕ್ಸ್‌ಗಳಲ್ಲಿ ಪ್ರಚಾರ ಚಾನೆಲ್ ಮಾತ್ರ ತೆರೆದೇ ಇರುತ್ತದೆ. ಆದ್ದರಿಂದ ಉದಯ, ಜೀ ಕನ್ನಡ, ಕಲರ್ಸ್ ಕನ್ನಡ ಮೊದಲಾದವು ಒಮ್ಮೆಲೇ ನಿಂತುಹೋದಾಗ ಮೊದಲು ಪ್ರಚಾರ ಚಾನೆಲ್ ಹಾಕಿ ನೋಡಬೇಕು. ಅದು ಸ್ಪಷ್ಟವಾಗಿ ಬರುತ್ತಿದ್ದರೆ ಡಿಶ್, ವೈರ್, ಎಲ್‌ಎನ್‌ಬಿ (ಡಿಶ್‌ನ ಮುಂದೆ ತರಂಗ ಹಿಡಿಯುವ ಭಾಗ) ಬಹುಮಟ್ಟಿಗೆ ಸರಿಯಿವೆ, ತೊಂದರೆ ರೀಚಾರ್ಜಿನಲ್ಲಿ ಅಥವಾ ಪ್ಯಾಕಿನಲ್ಲಿದೆ. ಅದೂ ಚೌಕ ಚೌಕವಾಗಿ ಒಡೆದು ನಿಂತರೆ ತೊಂದರೆ ಮಾಡಿನ ಮೇಲಿದೆ. ಉಪಗ್ರಹದ ಬೇರೆ ಬೇರೆ ಟ್ರಾನ್ಸ್‌ಪಾಂಡರ್‌ಗಳಲ್ಲಿ, ಅಂದರೆ ಪ್ರಸಾರ ಘಟಕಗಳಲ್ಲಿ, ಚಾನೆಲ್‌ಗಳು ಹಂಚಿಕೊಂಡಿರುವುದರಿಂದ ಇದು ಪೂರ್ಣ ಪರೀಕ್ಷೆಯಲ್ಲ. ಆದರೂ ಮಳೆಗಾಲದಲ್ಲಿ ಮೆಕ್ಯಾನಿಕ್‌ನನ್ನು ಅಷ್ಟು ದೂರದಿಂದ ಕರೆಸುವ ಮೊದಲು ಈ ಒಂದು ನಿಮಿಷದ ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು.

999: ಗ್ರಾಹಕ ಮಾಹಿತಿ ಚಾನೆಲ್

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2017ರಲ್ಲಿ ಹೊರಡಿಸಿದ ನಿಯಮಾವಳಿ 2019ರ ಆರಂಭದಲ್ಲಿ ಎಲ್ಲ ಮನೆಗಳಿಗೆ ತಲುಪಿದಾಗ, ಹಣ ಕೊಟ್ಟು ನೋಡುವ ಪ್ರತಿ ಚಾನೆಲ್‌ಗೂ ಗರಿಷ್ಠ ಮಾರಾಟ ಬೆಲೆ ನಿಗದಿಯಾಯಿತು, ನೋಡುವವರು ಬೇಕಾದುದನ್ನು ಬಿಡಿಯಾಗಿ ಆರಿಸಿಕೊಳ್ಳುವ ಅವಕಾಶ ಬಂತು. ಆ ಬೆಲೆಗಳನ್ನು ಜನರಿಗೆ ತಿಳಿಸಲು 999ನೇ ಸಂಖ್ಯೆಯನ್ನು ಗ್ರಾಹಕ ಮಾಹಿತಿಗೆಂದು ಮೀಸಲಿಡಲಾಯಿತು. ಅಲ್ಲಿ ಸಂಗೀತವಿಲ್ಲ, ನಟನಟಿಯರಿಲ್ಲ. ಚಾನೆಲ್‌ನ ಹೆಸರು, ಪಕ್ಕದಲ್ಲಿ ಅದರ ಸಂಖ್ಯೆ, ಅದರ ಮುಂದೆ ತಿಂಗಳ ಬೆಲೆ, ಉಚಿತವಾಗಿದ್ದರೆ ಆ ಸೂಚನೆ, ಕೊನೆಯಲ್ಲಿ ಸಹಾಯವಾಣಿಯ ವಿವರ; ಹೀಗೆ ಪುಟಗಳು ನಿಧಾನವಾಗಿ ಉರುಳುತ್ತವೆ. ನೋಡಲು ಬೇಸರವಾಗುವುದು ನಿಜ. ಆದರೂ ಎಲ್ಲ ಪ್ರಚಾರ ಚಾನೆಲ್‌ಗಳನ್ನು ಒಂದೆಡೆ, ಈ ಒಂದನ್ನು ಇನ್ನೊಂದೆಡೆ ಇಟ್ಟರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಇಲ್ಲಿ ತೋರಿಸುವ ಮಾಹಿತಿ ನಿಯಮದ ಪ್ರಕಾರ ಕೊಡಲೇಬೇಕಾದದ್ದು. ಅದು ಕಂಪನಿ ಇಷ್ಟಪಟ್ಟು ತೋರಿಸುವ ಮಾಹಿತಿಯಲ್ಲ.

ಇಲ್ಲಿ ಕಂಡ ಬೆಲೆಗಳಿಂದ ತಿಂಗಳ ಲೆಕ್ಕ ಹಾಕುವಾಗ ಎರಡು ಭಾಗಗಳನ್ನು ಬೇರೆಯಾಗಿ ಬರೆದುಕೊಳ್ಳಬೇಕು. ಮೊದಲನೆಯದು ನೆಟ್‌ವರ್ಕ್ ಸಾಮರ್ಥ್ಯ ಶುಲ್ಕ, ಅಂದರೆ ಚಾನೆಲ್‌ಗಳನ್ನು ಮನೆಗೆ ತಲುಪಿಸುವುದಕ್ಕೆ ಕಂಪನಿ ತೆಗೆದುಕೊಳ್ಳುವ ಹಣ; ಎಲ್ಲರೂ ಎನ್‌ಸಿಎಫ್ ಎನ್ನುವುದು ಇದನ್ನೇ. 2019ರಲ್ಲಿ ಇದು 100 ಚಾನೆಲ್‌ಗಳಿಗೆ ಗರಿಷ್ಠ 130 ರೂಪಾಯಿ ಇತ್ತು, 2020ರ ತಿದ್ದುಪಡಿಯಲ್ಲಿ ಅದೇ 130 ರೂಪಾಯಿಗೆ 200 ಚಾನೆಲ್‌ಗಳೆಂದಾಯಿತು. ಶೇಕಡ 18ರ ಜಿಎಸ್‌ಟಿ ಸೇರಿದರೆ 153 ರೂಪಾಯಿ 40 ಪೈಸೆ. 2024ರ ಜುಲೈಯಲ್ಲಿ ಟ್ರಾಯ್ ಈ ಮಿತಿಯನ್ನು ತೆಗೆದು, ಶುಲ್ಕವನ್ನು ಕಂಪನಿಗಳ ನಿರ್ಧಾರಕ್ಕೆ ಬಿಟ್ಟಿದೆ. ಅಂದರೆ ಮೊದಲು ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆಗಿದ್ದ ಮೊತ್ತ ಈಗ ಕಂಪನಿಯಿಂದ ಕಂಪನಿಗೆ, ಪ್ಯಾಕಿನಿಂದ ಪ್ಯಾಕಿಗೆ ಬೇರೆಯಾಗಬಹುದು. ಹೋಲಿಕೆಯ ಅಗತ್ಯ ಹಿಂದೆಂದಿಗಿಂತ ಈಗ ಹೆಚ್ಚಾಗಿರುವುದು ಇದೇ ಕಾರಣಕ್ಕೆ. ಎರಡನೆಯದು ಚಾನೆಲ್‌ಗಳ ಬೆಲೆ. ಗುಚ್ಛದಲ್ಲಿ ಸೇರಿಸಿ ಮಾರುವ ಚಾನೆಲ್‌ನ ಬಿಡಿ ಬೆಲೆ 19 ರೂಪಾಯಿ ಮೀರಬಾರದೆಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಹಾಗಾಗಿ ಮನೆಯಲ್ಲಿ ನಿಜವಾಗಿ ನೋಡುವುದು ಎರಡೋ ಮೂರೋ ಕನ್ನಡ ಚಾನೆಲ್ ಮಾತ್ರವಾದರೆ, 999ರಲ್ಲಿ ಅವುಗಳ ಬಿಡಿ ಬೆಲೆ ಕೂಡಿಸಿ ಪ್ರಚಾರ ಚಾನೆಲ್ ಹೇಳುವ ಪ್ಯಾಕಿನ ಬೆಲೆಯ ಪಕ್ಕದಲ್ಲಿಟ್ಟು ನೋಡಬೇಕು. ಒಂದೇ ಸಂಸ್ಥೆಯ ಹಲವು ಚಾನೆಲ್ ಬೇಕಾದವರಿಗೆ ಗುಚ್ಛವೇ ಅಗ್ಗವಾಗುತ್ತದೆ. ಬೇರೆ ಬೇರೆ ಸಂಸ್ಥೆಗಳ ಒಂದೊಂದೇ ಚಾನೆಲ್ ನೋಡುವವರಿಗೆ ಹಲವು ಬಾರಿ ಬಿಡಿಯಾಗಿ ಕೊಳ್ಳುವುದು ಅಗ್ಗ.

ತಲಕಾವೇರಿಯ ತೀರ್ಥೋದ್ಭವದ ನೇರಪ್ರಸಾರ, ಚಂದನದ ಕಾರ್ಯಕ್ರಮ, ವಾರ್ತೆ, ಇಷ್ಟೇ ಸಾಕೆನ್ನುವ ಹಿರಿಯರು ಇರುವ ಮನೆಯಲ್ಲಿ ಹಣ ಕೊಡಬೇಕಾದ ಚಾನೆಲ್ ಬೇಕೇ ಇಲ್ಲದಿರಬಹುದು. ದೂರದರ್ಶನದ ಚಾನೆಲ್‌ಗಳು ಕಡ್ಡಾಯವಾಗಿ ಬರುತ್ತವೆ, ಹಲವು ಕನ್ನಡ ವಾರ್ತಾ ಚಾನೆಲ್‌ಗಳು ಉಚಿತ. ಇದನ್ನು ಯಾವ ಪ್ರಚಾರ ಚಾನೆಲ್ಲೂ ಹೇಳುವುದಿಲ್ಲ, 999ರ ಪಟ್ಟಿಯನ್ನು ಸಮಾಧಾನದಿಂದ ಓದಿದವರಿಗೆ ಮಾತ್ರ ತಿಳಿಯುತ್ತದೆ. ಮನೆಯ ಮಕ್ಕಳು ರಜೆಗೆ ಬಂದಾಗ ಆ ಪುಟಗಳ ಫೋಟೊ ತೆಗೆದು, ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಟಿವಿಯ ಪಕ್ಕದಲ್ಲಿ ಅಂಟಿಸಿಟ್ಟರೆ ಅಜ್ಜಿ ತಾತಂದಿರಿಗೆ ದೊಡ್ಡ ಉಪಕಾರವಾಗುತ್ತದೆ. ಟ್ರಾಯ್ 2020ರಲ್ಲಿ ಚಾನೆಲ್ ಆರಿಸಿಕೊಳ್ಳಲು ಒಂದು ಆ್ಯಪನ್ನೂ ತಂದಿತು. ಆದರೆ ಆ್ಯಪ್ ಎಂದರೆ ಇಂಟರ್‌ನೆಟ್ ಬೇಕು, ಒಟಿಪಿ ಬರಬೇಕು. ಸಿಗ್ನಲ್ ಇಲ್ಲದ ಮನೆಯಲ್ಲಿ ಕೂತು ಮಾಡುವ ಕೆಲಸ ಅದಲ್ಲ.

ಟಿವಿ ಹಾಕಿದ ಕೂಡಲೇ ಬರುವ ಚಾನೆಲ್

ಇದನ್ನು ಉದ್ಯಮದಲ್ಲಿ ಲ್ಯಾಂಡಿಂಗ್ ಪೇಜ್ ಎನ್ನುತ್ತಾರೆ. ಬಾಕ್ಸ್ ಆನ್ ಆದ ಕೂಡಲೇ ನಾವು ಹಿಂದೆ ನೋಡುತ್ತಿದ್ದುದರ ಬದಲು ಬೇರೊಂದು ಚಾನೆಲ್ ತೆರೆದುಕೊಳ್ಳುತ್ತದೆ. ಕೆಲವೊಮ್ಮೆ ಅದು ಕಂಪನಿಯ ಪ್ರಚಾರ, ಕೆಲವೊಮ್ಮೆ ಹಣ ಕೊಟ್ಟು ಆ ಜಾಗ ಪಡೆದ ಯಾವುದೋ ವಾಹಿನಿ. ವೀಕ್ಷಕರ ಸಂಖ್ಯೆಯ ಲೆಕ್ಕವನ್ನು ಇದು ಕೆಡಿಸುತ್ತದೆಂಬ ದೂರು ಹಳೆಯದು. ಟ್ರಾಯ್ 2018ರಲ್ಲಿ ಇದರ ಮೇಲೆ ನಿರ್ಬಂಧ ಹೇರಿತು, 2019ರಲ್ಲಿ ದೂರಸಂಪರ್ಕ ವಿವಾದಗಳ ನ್ಯಾಯಮಂಡಳಿ ಆ ನಿರ್ದೇಶನವನ್ನು ರದ್ದುಪಡಿಸಿತು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗಿ ಬಂದಾಗಲೆಲ್ಲ ಬಾಕ್ಸ್ ಹೊಸದಾಗಿ ಶುರುವಾಗುವ ನಮ್ಮ ಜಿಲ್ಲೆಯಲ್ಲಿ ಈ ಚಾನೆಲ್ ಬೇರೆಯವರಿಗಿಂತ ಹೆಚ್ಚು ಬಾರಿ ಕಣ್ಣಿಗೆ ಬೀಳುತ್ತದೆ. ಪದೇ ಪದೇ ಕಾಣುತ್ತದೆಂಬ ಕಾರಣಕ್ಕೆ ಅದು ಜನಪ್ರಿಯವೆಂದೋ, ನಮ್ಮ ಪ್ಯಾಕಿನಲ್ಲಿ ಸೇರಿದೆಯೆಂದೋ ತಿಳಿಯಬಾರದು. ಆಯ್ಕೆಯ ಮಟ್ಟಿಗೆ ಇದಕ್ಕೆ ಬೆಲೆಯಿಲ್ಲ.

ಹೆಚ್ಚುವರಿ ಸೇವೆಗಳು ಮತ್ತು ಅವುಗಳ ಉಚಿತ ಅವಧಿ

ಅಡುಗೆ, ಭಕ್ತಿ, ಮಕ್ಕಳ ಪಾಠ, ಹಳೆಯ ಸಿನಿಮಾ ಹೀಗೆ ಡಿಟಿಎಚ್ ಕಂಪನಿಗಳೇ ಸ್ವತಃ ನಡೆಸುವ ಚಾನೆಲ್‌ಗಳಿವೆ. ಕಡತಗಳ ಭಾಷೆಯಲ್ಲಿ ಇವು ಪ್ಲಾಟ್‌ಫಾರ್ಮ್ ಸೇವೆಗಳು. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2020ರ ಡಿಸೆಂಬರ್ ಕೊನೆಯಲ್ಲಿ ಹೊರಡಿಸಿದ ಡಿಟಿಎಚ್ ಮಾರ್ಗಸೂಚಿಯ ಪ್ರಕಾರ ಒಂದು ಕಂಪನಿ ತನ್ನ ಒಟ್ಟು ಚಾನೆಲ್ ಸಾಮರ್ಥ್ಯದ ಶೇಕಡ 5ರಷ್ಟನ್ನು ಮಾತ್ರ ಇವುಗಳಿಗೆ ಬಳಸಬಹುದು. ಕಾರ್ಯಕ್ರಮ ಪಟ್ಟಿಯಲ್ಲಿ ಇವನ್ನು ಇತರ ಚಾನೆಲ್‌ಗಳ ನಡುವೆ ಬೆರೆಸದೆ ಒಂದೆಡೆ ಇಡಬೇಕು, ಬೇಡವಾದರೆ ನಿಲ್ಲಿಸುವ ಅವಕಾಶ ಕೊಡಬೇಕು. ಇವುಗಳ ಬೆಲೆಯನ್ನು ಪಟ್ಟಿಯಲ್ಲೇ ತೋರಿಸಬೇಕೆಂದು 2024ರಲ್ಲಿ ಟ್ರಾಯ್ ಹೇಳಿದೆ.

ಪ್ರಚಾರ ಚಾನೆಲ್‌ಗಿಂತ ಉಚಿತ ಅವಧಿ ಮೇಲು, ಏಕೆಂದರೆ ಅದು ಬರಿಯ ಮಾತಲ್ಲ, ಸೇವೆಯನ್ನೇ ತೋರಿಸುತ್ತದೆ. ಆದರೆ ಹಣ ಕೈಬಿಡುವ ಅಪಾಯ ಇರುವುದೂ ಇಲ್ಲೇ. ಮಿಸ್ಡ್ ಕಾಲ್ ಕೊಟ್ಟು ಅಥವಾ ರಿಮೋಟಿನ ಒಂದು ಗುಂಡಿ ಒತ್ತಿ ಆರಂಭಿಸಿದ ಸೇವೆ, ಉಚಿತ ದಿನಗಳು ಮುಗಿದ ಬಳಿಕ ದಿನದ ಲೆಕ್ಕದಲ್ಲಿ ರೀಚಾರ್ಜಿನ ಬಾಕಿಯಿಂದ ಕಳೆಯುತ್ತಾ ಹೋಗಬಹುದು. ಆಗ ತಿಂಗಳ ಕೊನೆಗೆ ಮುಗಿಯಬೇಕಿದ್ದ ರೀಚಾರ್ಜ್ ಮೊದಲೇ ಮುಗಿದು, ಯಾಕೆಂದು ತಿಳಿಯದೆ ಮನೆಯವರು ಮತ್ತೆ ಹಣ ಹಾಕುತ್ತಾರೆ. ಉಚಿತ ಅವಧಿ ತೆಗೆದುಕೊಳ್ಳುವುದಾದರೆ ಅದೇ ದಿನ ಕ್ಯಾಲೆಂಡರಿನಲ್ಲಿ ಮುಗಿಯುವ ದಿನಾಂಕಕ್ಕೆ ಗುರುತು ಹಾಕಬೇಕು. ನಿಲ್ಲಿಸುವ ಸಂದೇಶ ಕಳುಹಿಸಲು ನೋಂದಾಯಿತ ಮೊಬೈಲ್ ಯಾರ ಬಳಿ ಇದೆ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಎಷ್ಟೋ ತೋಟದ ಮನೆಗಳಲ್ಲಿ ಸಂಪರ್ಕ ಇರುವುದು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿರುವ ಮಗನ ಸಂಖ್ಯೆಯಲ್ಲಿ. ಟಿವಿ ಮುಂದೆ ಕೂತವರಿಗೆ ಸಂದೇಶ ಬರುವುದಿಲ್ಲ, ಸಂದೇಶ ಬರುವವನು ಟಿವಿ ನೋಡುವುದಿಲ್ಲ.

ಪರದೆ ಹೇಳದ ಸಂಗತಿ: ಡಿಶ್ ಯಾವ ಕಡೆ ನೋಡುತ್ತದೆ?

ಒಂದು ಕಂಪನಿಯ ಬಾಕ್ಸ್ ಸಾಮಾನ್ಯವಾಗಿ ಇನ್ನೊಂದು ಕಂಪನಿಗೆ ಕೆಲಸಕ್ಕೆ ಬರುವುದಿಲ್ಲ, ಡಿಶ್‌ನ ದಿಕ್ಕನ್ನೂ ಬದಲಿಸಬೇಕಾಗುತ್ತದೆ. ಒಮ್ಮೆ ಆರಿಸಿದರೆ ಕೆಲವು ವರ್ಷ ಅದರೊಂದಿಗೇ ಬಾಳಬೇಕು. ಹೀಗಿರುವಾಗ ಎಲ್ಲ ಪ್ರಚಾರ ಚಾನೆಲ್‌ಗಳೂ ಚಿತ್ರದ ಸ್ಪಷ್ಟತೆಯನ್ನೇ ಕೊಂಡಾಡುತ್ತವೆ. ಕೊಡಗಿನಲ್ಲಿ ಆ ಸ್ಪಷ್ಟತೆಯನ್ನು ನಿರ್ಧರಿಸುವುದು ಮಳೆ ಮತ್ತು ಮರ.

ನಮ್ಮ ಡಿಟಿಎಚ್ ಸೇವೆಗಳು ಕೆಯು ಬ್ಯಾಂಡ್ ಎಂಬ ಅತಿ ಹೆಚ್ಚು ಆವರ್ತನದ ತರಂಗಗಳಲ್ಲಿ ಬರುತ್ತವೆ. ಆ ತರಂಗಗಳನ್ನು ದಟ್ಟ ಮಳೆ ಹೀರಿಕೊಳ್ಳುತ್ತದೆ. ಉಪಗ್ರಹ ಆಕಾಶದಲ್ಲಿ ಎಷ್ಟು ಮೇಲಿದೆಯೋ, ಮಳೆಯೊಳಗೆ ತರಂಗ ಸಾಗಬೇಕಾದ ದಾರಿ ಅಷ್ಟು ಚಿಕ್ಕದು. ಟಾಟಾ ಪ್ಲೇ ಬಳಸುವ ಉಪಗ್ರಹಗಳು 83 ಡಿಗ್ರಿ ಪೂರ್ವ ರೇಖಾಂಶದಲ್ಲಿವೆ, ಡಿ2ಎಚ್‌ನದು 88ರಲ್ಲಿ, ದೂರದರ್ಶನದ ಉಚಿತ ಸೇವೆಯಾದ ಡಿಡಿ ಫ್ರೀ ಡಿಶ್‌ನದು 93.5ರಲ್ಲಿ, ಡಿಶ್ ಟಿವಿಯದು 95ರಲ್ಲಿ, ಏರ್‌ಟೆಲ್‌ನದು 108.2ರಲ್ಲಿ. ಮಡಿಕೇರಿ ಇರುವುದು ಸುಮಾರು 75.7 ಡಿಗ್ರಿಯಲ್ಲಿ. ಲೆಕ್ಕ ಹಾಕಿದರೆ ನಮ್ಮ ಜಿಲ್ಲೆಯಿಂದ 83ರ ಉಪಗ್ರಹ ದಿಗಂತದಿಂದ ಸುಮಾರು 73 ಡಿಗ್ರಿ ಎತ್ತರದಲ್ಲಿ, ಆಗ್ನೇಯ ದಿಕ್ಕಿನಲ್ಲಿ, ಹೆಚ್ಚುಕಡಿಮೆ ನಡುನೆತ್ತಿಯ ಹತ್ತಿರ ಇರುತ್ತದೆ, 93.5ರದು ಸುಮಾರು 65 ಡಿಗ್ರಿ ಎತ್ತರದಲ್ಲಿ, 108.2ರದು ಸುಮಾರು 50 ಡಿಗ್ರಿಯಷ್ಟೇ ಎತ್ತರದಲ್ಲಿ, ಬಹುಮಟ್ಟಿಗೆ ಪೂರ್ವಕ್ಕೆ.

ಬಯಲು ಸೀಮೆಯಲ್ಲಿ ಈ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ಸಿಲ್ವರ್ ಓಕ್ ಮರಗಳು ಸಾಲಾಗಿ ನಿಂತ ತೋಟದ ನಡುವಿನ ಮನೆಯಲ್ಲಿ ಗೊತ್ತಾಗುತ್ತದೆ. ಪೂರ್ವಕ್ಕೆ ಗುಡ್ಡ ಅಥವಾ ಎತ್ತರದ ಮರಗಳಿದ್ದರೆ 50 ಡಿಗ್ರಿಯ ದಾರಿಗೆ ಅಡ್ಡ ಬರುತ್ತವೆ. 73 ಡಿಗ್ರಿಯ ದಾರಿ ಅವುಗಳ ಮೇಲಿಂದ ಹಾದುಹೋಗುತ್ತದೆ. ಬೇಸಿಗೆಯಲ್ಲಿ, ನೆರಳು ಮರಗಳ ಕೊಂಬೆ ಕಡಿದ ಹೊಸತರಲ್ಲಿ ಚೆನ್ನಾಗಿ ಬರುತ್ತಿದ್ದ ಚಿತ್ರ, ಚಿಗುರು ಬೆಳೆದು ಎಲೆ ಒದ್ದೆಯಾದಾಗ ಒಡೆಯುವುದಕ್ಕೆ ಕಾರಣ ಇದೇ. ಪೂರ್ವ ದಿಕ್ಕು ಪೂರ್ತಿ ತೆರೆದಿರುವ, ಮಳೆಯೂ ಕಡಿಮೆಯಿರುವ ಕುಶಾಲನಗರದ ಕಡೆಯ ಮನೆಗಳಿಗೆ ಈ ಚಿಂತೆ ಅಷ್ಟಾಗಿ ಇಲ್ಲ, ಅವರು ಬೆಲೆ ಮತ್ತು ಪ್ಯಾಕ್ ನೋಡಿ ನಿರ್ಧರಿಸಬಹುದು. ಒಂದು ಕಂಪನಿ ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಉಪಗ್ರಹದ ಸಾಮರ್ಥ್ಯ, ಡಿಶ್‌ನ ಅಳತೆ, ಜೋಡಿಸಿದವರ ಕೈಚಳಕ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೆ ಡಿಶ್ ಕೂರಿಸುವ ಮುನ್ನ ಅದು ನೋಡಬೇಕಾದ ದಿಕ್ಕಿನಲ್ಲಿ ಕೈಚಾಚಿ ತೋರಿಸುವಂತೆ ಕೇಳಿ, ಆ ಗೆರೆಯಲ್ಲಿ ಮರವಿದೆಯೇ ಎಂದು ನೋಡುವ ಹಕ್ಕು ಹಣ ಕೊಡುವವರಿಗೆ ಇದೆ. ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್‌ನ ಬಲ ಮತ್ತು ಗುಣಮಟ್ಟ ತೋರಿಸುವ ಪುಟವಿರುತ್ತದೆ. ಜೋಡಣೆ ಮುಗಿದ ದಿನ ಅದರ ಫೋಟೊ ತೆಗೆದಿಟ್ಟರೆ ಮುಂದೆ ದೂರು ಕೊಡುವಾಗ ಆಧಾರವಾಗುತ್ತದೆ.

ಯಾರಿಗೆ ಯಾವುದು

ಮಡಿಕೇರಿ, ವಿರಾಜಪೇಟೆ ಪೇಟೆಗಳಲ್ಲಿ ಕೇಬಲ್ ಇರುವವರು ಡಿಟಿಎಚ್‌ಗೆ ಬದಲಾಗುವ ಮುನ್ನ ತಮ್ಮ ಕೇಬಲ್‌ನ 999ನೇ ಪಟ್ಟಿಯನ್ನೇ ಮೊದಲು ನೋಡಲಿ, ನಿಯಮ ಇಬ್ಬರಿಗೂ ಒಂದೇ. ಲೈನ್ ಮನೆಗಳಲ್ಲಿರುವ ಕಾರ್ಮಿಕ ಕುಟುಂಬಗಳಿಗೆ ತಿಂಗಳ ಶುಲ್ಕವೇ ಇಲ್ಲದ ಡಿಡಿ ಫ್ರೀ ಡಿಶ್ ಯೋಗ್ಯ ಆಯ್ಕೆ. ಬಾಕ್ಸ್ ಮತ್ತು ಡಿಶ್‌ಗೆ ಒಮ್ಮೆ ಹಣ ಹಾಕಿದರೆ ಮುಗಿಯಿತು, ಕೆಲಸ ಮುಗಿಸಿ ಬೇರೆ ತೋಟಕ್ಕೆ ಹೋಗುವಾಗ ಕೊಂಡೊಯ್ಯಲೂಬಹುದು. ಅದರಲ್ಲಿ ಹಿಂದಿ ಚಾನೆಲ್‌ಗಳೇ ಹೆಚ್ಚು, ಹಣ ಕೊಟ್ಟು ನೋಡುವ ಕನ್ನಡ ಮನರಂಜನಾ ವಾಹಿನಿಗಳನ್ನು ಅಲ್ಲಿ ನಿರೀಕ್ಷಿಸುವಂತಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ವರ್ಷದ ಕೆಲವು ತಿಂಗಳು ಮಾತ್ರ ತೋಟದ ಮನೆಯಲ್ಲಿರುವವರು ಪ್ರಚಾರ ಚಾನೆಲ್‌ನ ವಾರ್ಷಿಕ ಕೊಡುಗೆಗೆ ಒಪ್ಪುವ ಮುನ್ನ, ಸಂಪರ್ಕವನ್ನು ತಾತ್ಕಾಲಿಕವಾಗಿ ನಿಲ್ಲಿಸುವ ನಿಯಮ ಮತ್ತು ಶುಲ್ಕವನ್ನು ಸಹಾಯವಾಣಿಯಲ್ಲಿ ಕೇಳಿ ತಿಳಿಯುವುದು ಒಳ್ಳೆಯದು. ಈ ಶುಲ್ಕವೂ 2024ರಿಂದ ಕಂಪನಿಯ ಇಚ್ಛೆಗೆ ಬಿಟ್ಟದ್ದು. ಹೋಂಸ್ಟೇ ನಡೆಸುವವರು ಅತಿಥಿಗಳ ಕೋಣೆಗೆ ಮನೆಯ ಪ್ಯಾಕನ್ನೇ ಎಳೆಯಬಾರದು. ವಾಣಿಜ್ಯ ಗ್ರಾಹಕರಿಗೆ ನಿಯಮವೂ ದರವೂ ಬೇರೆಯಾಗಿರಬಹುದು, ಪ್ರಚಾರ ಚಾನೆಲ್‌ನಲ್ಲಿ ಕಾಣುವ ಬೆಲೆ ಅವರಿಗೆ ಅನ್ವಯವಾಗದಿರಬಹುದಾದ್ದರಿಂದ ಕಂಪನಿಯಿಂದ ಲಿಖಿತವಾಗಿ ದರ ಪಡೆಯಬೇಕು.

ಹೊಸ ಸಂಪರ್ಕ ಹಾಕಿಸಲು ಮಳೆ ನಿಂತು ಬಿಸಿಲು ಬರುವುದನ್ನು ಕಾಯುವ ಪದ್ಧತಿ ನಮ್ಮಲ್ಲಿದೆ, ಏಣಿ ಹತ್ತುವವರ ದೃಷ್ಟಿಯಿಂದ ಅದು ಸರಿ. ಆಯ್ಕೆಯನ್ನು ಮಾತ್ರ ಮಳೆಗಾಲದಲ್ಲೇ ಮಾಡಿಟ್ಟುಕೊಳ್ಳಬೇಕೆಂದು ನನ್ನ ಸಲಹೆ. ಜುಲೈ ತಿಂಗಳ ಜೋರು ಮಳೆಯ ಒಂದು ಸಂಜೆ, ಬೇರೆ ಬೇರೆ ಕಂಪನಿಯ ಸಂಪರ್ಕವಿರುವ ಅಕ್ಕಪಕ್ಕದ ಮನೆಗಳಲ್ಲಿ ಪ್ರಚಾರ ಚಾನೆಲ್ ಹಾಕಿಸಿ, ಅದೇ ಹೊತ್ತಿಗೆ ಯಾವ ಮನೆಯಲ್ಲಿ ಚಿತ್ರ ನಿಂತಿದೆ, ಯಾವುದರಲ್ಲಿ ಓಡುತ್ತಿದೆ ಎಂದು ಕೇಳಿ ಬರೆದುಕೊಂಡು, ನವೆಂಬರಿನಲ್ಲಿ ಡೀಲರ್‌ ಬಳಿಗೆ ಹೋಗುವಾಗ ಆ ಚೀಟಿಯನ್ನೂ 999ರಿಂದ ಬರೆದುಕೊಂಡ ಬೆಲೆಗಳನ್ನೂ ಜೊತೆಗೆ ಒಯ್ಯಬೇಕು.